ಲಿವರ್ ತೊಂದ್ರೆ ಇರೋರಿಗೆ ಕೂಲ್‌ಡ್ರಿಂಕ್ಸ್, ಸೋಡ ಆಗತ್ತಾ? ಓದುಗರ ಪ್ರಶ್ನೆಗಳಿಗೆ ಡಾಕ್ಟರ್ ಉತ್ತರ

ಬಿಸಿಲು ಏರ್ತಿದ್ದ ಹಾಗೆ ಈ ಕಾಲಂಗೆ ಬರೋ ಪ್ರಶ್ನೆಗಳೂ ಬದಲಾಗತ್ತೆ, ಈ ಸಲ ಬಂದಿದ್ರಲ್ಲಿ ತುಂಬಾ ಪ್ರಶ್ನೆ ಲಿವರ್ ಮತ್ತೆ ಕೂಲ್‌ಡ್ರಿಂಕ್ಸ್ ಬಗ್ಗೇನೇ ಇದ್ವು. ಒಂದೇ ಥರದ್ದನ್ನ ಸೇರಿಸಿ ಆರು ಪ್ರಶ್ನೆ ಆರಿಸ್ಕೊಂಡಿದೀನಿ. ಹೆಸರು ಹಾಕಿಲ್ಲ, ಏರಿಯಾ ಮಾತ್ರ ಹಾಕಿದೀನಿ. ಓದೋಕೆ ಮುಂಚೆ ಒಂದು ಮಾತು, ಫ್ಯಾಟಿ ಲಿವರ್ (ಲಿವರಲ್ಲಿ ಕೊಬ್ಬು ಸೇರೋದು) ಇರೋರಿಗೆ ಕೊಟ್ಟ ಉತ್ತರ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಹಾಳಾಗೋ ಕಾಯಿಲೆ) ಇರೋರಿಗೆ ಹೊಂದಲ್ಲ, ಮಗುಗೆ ಬಂದಿರೋ ಜಾಂಡೀಸ್‌ಗೆ ಅವೆರಡೂ ಹೊಂದಲ್ಲ, ಅದಕ್ಕೆ ಪಕ್ಕದ ಮನೆಯೋರಿಗೆ ಡಾಕ್ಟರ್ ಹೇಳಿದ್ದನ್ನ ದಯವಿಟ್ಟು ನಿಮ್ಮ ಮನೇಲಿ ಮಾಡ್ಬೇಡಿ.

ಪ್ರಶ್ನೆ: ಡಾಕ್ಟರೇ, ನಮ್ಮನೆಯವರಿಗೆ 41 ವರ್ಷ, ಔಟರ್ ರಿಂಗ್ ರೋಡ್ ಕಡೆ ಸಾಫ್ಟ್‌ವೇರ್ ಕಂಪನೀಲಿ ಕೆಲಸ. ಕುಡಿಯೋದು, ಸಿಗರೇಟು ಯಾವ್ದೂ ಇಲ್ಲ, ಅಂಥಾ ದಪ್ಪಾನೂ ಇಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಬಂದಿದೆ. ಕಂಪನಿ ಕಡೆಯಿಂದ ಮಾಡಿಸಿದ ಚೆಕಪ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಅಂತ ಬಂತು, ಲಿವರ್‌ನ ರಕ್ತ ಪರೀಕ್ಷೆ ಎಸ್‌ಜಿಪಿಟಿ 78 ಇದೆ. ಮಧ್ಯಾಹ್ನ ಊಟ ಆದ್ಮೇಲೆ ಅವರಿಗೆ ಕೋಲಾ ಬೇಕೇ ಬೇಕು, ರಾತ್ರಿ ಲೇಟಾಗಿ ಬಂದಾಗ್ಲೂ ಫ್ರಿಜ್ ತೆಗೆದು ಕುಡೀತಾರೆ, 750 ಎಂಎಲ್ ಬಾಟ್ಲಿ ಒಂದು ದಿನಕ್ಕೆ ಖಾಲಿ. ಕೇಳಿದ್ರೆ ‘ಇದೇನು ಎಣ್ಣೆನಾ, ಬರೀ ಸೋಡ, ಊಟ ಜೀರ್ಣ ಆಗ್ಲಿ ಅಂತ’ ಅಂತಾರೆ. ಇದು ನಿಜವಾಗ್ಲೂ ಲಿವರ್‌ಗೆ ತೊಂದ್ರೆನಾ ಅಥವಾ ನಾನೇ ಸುಮ್ನೆ ಜಗಳ ಆಡ್ತಿದೀನಾ? (ರಾಜಾಜಿನಗರ)

ಉತ್ತರ: ನೀವು ಸುಮ್ನೆ ಜಗಳ ಆಡ್ತಿಲ್ಲಮ್ಮ. ಅವರ ರಿಪೋರ್ಟ್ ನೋಡಿದ್ರೆ ಈ ಅಭ್ಯಾಸ ನಿಲ್ಲಿಸೋದು ಯಾವ ಮಾತ್ರೆಗಿಂತ ಮೊದಲು ಆಗ್ಬೇಕಾದ ಕೆಲಸ.

ಗುಳ್ಳೆ ವಿಷಯ ಮೊದಲು ಮುಗಿಸ್ಬಿಡ್ತೀನಿ, ಯಾಕಂದ್ರೆ ಎಲ್ಲರೂ ಅದನ್ನೇ ಅನುಮಾನ ಪಡ್ತಾರೆ. ಆ ಗುಳ್ಳೆ ಅಂದ್ರೆ ಕಾರ್ಬನ್ ಡೈಆಕ್ಸೈಡ್, ನಾವು ಉಸಿರು ಬಿಟ್ಟಾಗ ಆಚೆ ಬರೋದೂ ಅದೇ. ಹೊಟ್ಟೆಗೆ ಹೋದದ್ದು ಹೆಚ್ಚಿನ ಪಾಲು ತೇಗಾಗಿ ಬರತ್ತೆ, ಉಳಿದಿದ್ದು ರಕ್ತಕ್ಕೆ ಸೇರಿ ಉಸಿರಲ್ಲೇ ಹೋಗತ್ತೆ, ಲಿವರ್‌ಗೆ ಅದರಿಂದ ಏನೂ ಆಗಲ್ಲ. ಹಂಗೇ ಜೀರ್ಣಾನೂ ಆಗಲ್ಲ, ತೇಗು ಬಂದಾಗ ಹೊಟ್ಟೆ ಹಗುರ ಆದಂಗೆ ಅನ್ಸತ್ತೆ ಅಷ್ಟೇ, ಎದೆ ಉರಿ ಇರೋರಿಗೆ ಉರಿ ಇನ್ನೂ ಜಾಸ್ತಿ ಆಗತ್ತೆ.

ತೊಂದ್ರೆ ಇರೋದು ಸಕ್ಕರೇಲಿ. ಬಾಟ್ಲಿ ಹಿಂದೆ ತಿರುಗಿಸಿ ನೋಡಿ, ಮಾಮೂಲಿ ಕೋಲಾದಲ್ಲಿ 100 ಎಂಎಲ್‌ಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ ಇರತ್ತೆ, ಅಂದ್ರೆ 750 ಎಂಎಲ್‌ಗೆ ಹತ್ತಿರ ಹತ್ತಿರ 80 ಗ್ರಾಂ, ಟೀ ಚಮಚದಲ್ಲಿ ಹದಿನಾರು ಚಮಚ. ಅವರ ಮುಂದೆ ಒಂದು ಬಟ್ಟಲು ಇಟ್ಟು ಹದಿನಾರು ಚಮಚ ಸಕ್ಕರೆ ಎಣಿಸಿ ಹಾಕಿ ತೋರಿಸಿ, ನೂರು ಮಾತಿಗಿಂತ ಅದು ಜಾಸ್ತಿ ತಾಗತ್ತೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿರೋ ಪ್ರಕಾರ ಮೇಲಿಂದ ಸೇರಿಸೋ ಸಕ್ಕರೆ, ಜ್ಯೂಸು, ಜೇನುತುಪ್ಪದ ಸಕ್ಕರೆ ಎಲ್ಲ ಸೇರಿ ನಾವು ದಿನಕ್ಕೆ ತಿನ್ನೋ ಕ್ಯಾಲೊರಿಯ ನೂರಕ್ಕೆ 10 ಭಾಗ ದಾಟಬಾರದು, 5 ಭಾಗದ ಒಳಗಿದ್ರೆ ಇನ್ನೂ ಒಳ್ಳೇದು, ಅದು ಸುಮಾರು 25 ಗ್ರಾಂ. ಕಾಫಿ, ಬಿಸ್ಕತ್ತು, ಆಫೀಸಲ್ಲಿ ಯಾರದೋ ಬರ್ತ್‌ಡೇ ಕೇಕು ಇದ್ಯಾವ್ದೂ ಲೆಕ್ಕಕ್ಕೆ ತಗೊಳ್ಳದೇನೇ ಇವರು ಅದರ ಮೂರು ಪಟ್ಟು ಕುಡೀತಿದಾರೆ.

ಈ ಸಕ್ಕರೆ ಲಿವರ್‌ನ್ನೇ ಯಾಕೆ ಹಿಡಿಯತ್ತೆ ಅಂತ ಕೇಳ್ಬಹುದು. ಸಕ್ಕರೇಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನ ಮೈಯಲ್ಲಿರೋ ಎಲ್ಲಾ ಅಂಗಗಳೂ ಬಳಸ್ಕೊಳತ್ತೆ, ಸ್ನಾಯು, ಮೆದುಳು ಎಲ್ಲದಕ್ಕೂ ಬೇಕು. ಫ್ರಕ್ಟೋಸ್ ಜಾಸ್ತಿ ಒಳಗೆ ಬಂದಾಗ ಮಾತ್ರ ಅದರ ಹೆಚ್ಚಿನ ಭಾರ ಲಿವರ್ ಮೇಲೇ ಬೀಳತ್ತೆ, ಅಲ್ಲಿ ಅದು ಬೇಗ ಬೇಗ ಕೊಬ್ಬಾಗಿ ಬದಲಾಗತ್ತೆ, ಜೊತೆಗೆ ಯೂರಿಕ್ ಆ್ಯಸಿಡ್ ಕೂಡ ಏರತ್ತೆ. ಹಣ್ಣಲ್ಲೂ ಫ್ರಕ್ಟೋಸ್ ಇದೆ, ಆದ್ರೆ ಒಂದು ಸೀಬೆಹಣ್ಣು ತಿನ್ನೋಕೆ ಹೊತ್ತು ಬೇಕು, ನಾರು ಇರತ್ತೆ, ಹೊಟ್ಟೆ ತುಂಬತ್ತೆ. ಕೋಲಾ ಎರಡು ನಿಮಿಷಕ್ಕೆ ಗಟಗಟ ಅಂತ ಇಳಿದುಬಿಡತ್ತೆ, ಹೊಟ್ಟೆಗೆ ತುಂಬಿದಂಗೂ ಅನ್ಸಲ್ಲ, ಕುಡಿದೆ ಅಂತ ಊಟಾನೂ ಕಮ್ಮಿ ಮಾಡಲ್ಲ. ಅದಕ್ಕೆ ಸ್ವೀಟ್ ತಿನ್ನೋದಕ್ಕಿಂತ ಸ್ವೀಟ್ ಕುಡಿಯೋದು ಕೆಟ್ಟದ್ದು ಅಂತ ನಾನು ಯಾವಾಗ್ಲೂ ಹೇಳೋದು.

ಇದು ಬರೀ ಅಂದಾಜಲ್ಲ. 2012ರಲ್ಲಿ ಡೆನ್ಮಾರ್ಕಲ್ಲಿ ತೂಕ ಜಾಸ್ತಿ ಇದ್ದ 47 ಜನರನ್ನ ನಾಲ್ಕು ಗುಂಪು ಮಾಡಿ ಆರು ತಿಂಗಳು ದಿನಕ್ಕೆ ಒಂದು ಲೀಟರ್ ಕುಡಿಸಿದ್ರು, ಒಂದು ಗುಂಪಿಗೆ ಸಕ್ಕರೆ ಕೋಲಾ, ಇನ್ನೊಂದಕ್ಕೆ ಹಾಲು, ಇನ್ನೊಂದಕ್ಕೆ ಸಕ್ಕರೆ ಇಲ್ಲದ ಡಯಟ್ ಕೋಲಾ, ಕೊನೇದಕ್ಕೆ ನೀರು. ಡಯಟ್ ಕೋಲಾದಲ್ಲೂ ಅಷ್ಟೇ ಗ್ಯಾಸ್ ಇತ್ತು ನೋಡಿ, ಆದ್ರೆ ಲಿವರ್ ಕೊಬ್ಬು ಜೋರಾಗಿ ಏರಿದ್ದು ಸಕ್ಕರೆ ಕೋಲಾ ಕುಡಿದವರಿಗೆ. 2019ರಲ್ಲಿ ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ 11ರಿಂದ 16 ವರ್ಷದ ಹುಡುಗರ ಮನೆ ಊಟದಲ್ಲಿ ಎಂಟು ವಾರ ಹಾಕಿದ ಸಕ್ಕರೇನ ಹತ್ತಿರ ಹತ್ತಿರ ತೆಗೆದೇಬಿಟ್ರು, ಅವರ ಲಿವರ್ ಕೊಬ್ಬು 25 ಪರ್ಸೆಂಟ್‌ನಿಂದ 17ಕ್ಕೆ ಇಳೀತು. ಎಂಟೇ ವಾರ! ನಿಮ್ಮನೆಯವರಿಗೆ ಈ ಎರಡನೇದನ್ನ ಮುಖ್ಯವಾಗಿ ಹೇಳಿ, ಹೆದರಿಸೋದಕ್ಕಿಂತ ಇದು ಧೈರ್ಯ ಕೊಡತ್ತೆ, ಲಿವರ್‌ನಷ್ಟು ಚೆನ್ನಾಗಿ ತನ್ನನ್ನ ತಾನೇ ಸರಿ ಮಾಡ್ಕೊಳೋ ಅಂಗ ಮೈಯಲ್ಲಿ ಇನ್ನೊಂದಿಲ್ಲ, ಈ ಹಂತದಲ್ಲಿ ಅವಕಾಶ ಕೊಟ್ರೆ ಸಾಕು.

ದಪ್ಪ ಇಲ್ಲ ಅಂದ್ರಲ್ಲ, ಅದಕ್ಕೆ ಸಮಾಧಾನ ಪಡ್ಬೇಡಿ. ನಮ್ಮ ಜನಕ್ಕೆ ಕೈಕಾಲು ಸಣ್ಣಗೇ ಇದ್ದು ಕೊಬ್ಬೆಲ್ಲ ಹೊಟ್ಟೇಲಿ ಸೇರೋದು ಜಾಸ್ತಿ, ಅದಕ್ಕೆ ಸೊಂಟದ ಅಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಎಚ್ಚರ ಇರಿ ಅಂತ ಹೇಳೋದು. ದಿನಾ ಹತ್ತು ಗಂಟೆ ಕೂತು ಮಾಡೋ ಕೆಲಸ, ಟ್ರಾಫಿಕ್‌ನಲ್ಲಿ ಮತ್ತೆ ಎರಡು ಗಂಟೆ ಕೂರೋದು, ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡಿ ತಿನ್ನೋದು, ಇದೆಲ್ಲ ನಮ್ಮೂರಲ್ಲಿ ಮಾಮೂಲಾಗಿದೆ. ಹೈದರಾಬಾದಿನ ಐಟಿ ಉದ್ಯೋಗಿಗಳನ್ನ ಪರೀಕ್ಷೆ ಮಾಡಿ 2025ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ ನೂರಕ್ಕೆ 84 ಜನಕ್ಕೆ ಲಿವರಲ್ಲಿ ಕೊಬ್ಬು ಸಿಕ್ಕಿದೆ. ಬೆಂಗಳೂರಿನ ಕೆಲಸದ ರೀತಿ ಅದಕ್ಕಿಂತ ಬೇರೆ ಏನಿಲ್ಲ.

ಈಗ ಏನ್ ಮಾಡೋದು ಅಂದ್ರೆ, ಮೊದಲು ಮನೆಗೆ ಬಾಟ್ಲಿ ತರೋದು ನಿಲ್ಲಿಸಿ, ಫ್ರಿಜ್‌ನಲ್ಲಿ ಇಲ್ದೆ ಇದ್ರೆ ರಾತ್ರಿ ಹನ್ನೊಂದು ಗಂಟೆಗೆ ಯಾರೂ ಅಂಗಡಿ ಹುಡುಕಲ್ಲ. ಗುಳ್ಳೆ ಬೇಕು ಅನ್ನಿಸಿದ್ರೆ ಪ್ಲೇನ್ ಸೋಡಕ್ಕೆ ನಿಂಬೆಹಣ್ಣು ಹಿಂಡಿ, ಸಕ್ಕರೆ ಹಾಕ್ದೆ ಕುಡೀಲಿ, ಅವರ ಲಿವರ್‌ಗೆ ಅದು ತೊಂದ್ರೆ ಇಲ್ಲ. ಕೋಲಾ ಬಿಡಿಸಿ ಮೋಸಂಬಿ ಜ್ಯೂಸ್ ಕೊಡೋಕೆ ಶುರು ಮಾಡ್ಬೇಡಿ, ಸೋಸಿದ ಜ್ಯೂಸಲ್ಲೂ ಸಕ್ಕರೆ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಫಿಲ್ಟರ್ ಕಾಫಿ ಬೇಕಾದ್ರೆ ಕುಡೀಲಿ, ಸಕ್ಕರೆ ಇಲ್ದೆ ಅಥವಾ ಅರ್ಧ ಚಮಚಕ್ಕೆ. ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯೋರಲ್ಲಿ ಲಿವರ್ ಗಟ್ಟಿಯಾಗೋದೂ ಲಿವರ್ ಕ್ಯಾನ್ಸರೂ ಕಮ್ಮಿ ಅಂತ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡಿದೆ, ಕಾಫಿ ಬೆಳೆಯೋ ನಾಡಿನೋರು ನಾವು, ಇದನ್ನ ಖುಷಿಯಿಂದ ಹೇಳ್ತೀನಿ. ತೂಕ ನೂರಕ್ಕೆ 5 ಭಾಗ ಇಳಿದ್ರೆ ಕೊಬ್ಬು ಕಮ್ಮಿ ಆಗೋಕೆ ಶುರು, 7ರಿಂದ 10 ಭಾಗ ಇಳಿದ್ರೆ ಒಳಗಿನ ಉರಿಊತಾನೂ ಕಮ್ಮಿ ಆಗತ್ತೆ. ಮುಂದಿನ ಸಲ ಡಾಕ್ಟರ ಹತ್ರ ಹೋದಾಗ ಫಿಬ್-4 ಲೆಕ್ಕ ಹಾಕಿ ಅಂತ ಕೇಳಿ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜು ಮಾಡೋ ಲೆಕ್ಕ ಅದು, ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಇಷ್ಟಿದ್ರೆ ಸಾಕು, ಬೇರೆ ದುಡ್ಡು ಕೊಡ್ಬೇಕಿಲ್ಲ. 1.3ರ ಒಳಗೆ ಬಂದ್ರೆ ಲಿವರ್ ಗಟ್ಟಿಯಾಗಿರೋ ಸಾಧ್ಯತೆ ಕಮ್ಮಿ, ಜಾಸ್ತಿ ಬಂದ್ರೆ ಲಿವರ್ ಗಟ್ಟಿತನ ಅಳೆಯೋ ಫೈಬ್ರೋಸ್ಕ್ಯಾನ್ ಮಾಡಿಸಿ. ಶುಗರ್, ಕೊಲೆಸ್ಟ್ರಾಲ್ ಕೂಡ ಜೊತೇಲೇ ನೋಡಿಸ್ಬಿಡಿ.

ಪ್ರಶ್ನೆ: ನಮ್ಮ ತಂದೆಗೆ 63, ಸಿರೋಸಿಸ್ ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ಹೊಟ್ಟೇಲಿ ನೀರು ತುಂಬಿ ಎರಡು ಸಲ ತೆಗೆಸಿದೀವಿ, ಎಂಡೋಸ್ಕೋಪಿ ಮಾಡಿ ರಕ್ತನಾಳಕ್ಕೆ ಬ್ಯಾಂಡ್ ಹಾಕಿದಾರೆ. ಈಗ ಎರಡು ತುತ್ತು ತಿಂದ್ರೆ ಹೊಟ್ಟೆ ಭಾರ ಅಂತ ಸೋಡ ಕೇಳ್ತಾರೆ, ಇಲ್ಲಾಂದ್ರೆ ಈನೋ ಹಾಕ್ಕೊಂಡು ಕುಡೀತಾರೆ. ನಮ್ಮ ದೊಡ್ಡಮ್ಮ ಗ್ಯಾಸ್ ಹೋದ್ರೆ ನರ ಒಡೆದು ರಕ್ತ ವಾಂತಿ ಆಗತ್ತೆ ಅಂತ ಹೆದರಿಸ್ತಾರೆ. ಕೊಡ್ಬಹುದಾ ಬೇಡ್ವಾ? ಎಳನೀರು ಕೊಟ್ರೆ ಒಳ್ಳೇದಾ? (ಕೆಂಗೇರಿ)

ಉತ್ತರ: ದೊಡ್ಡಮ್ಮ ಪ್ರೀತಿಯಿಂದ ಹೇಳಿದಾರೆ, ಆದ್ರೆ ಒಂದು ಲೋಟ ಸೋಡದ ಗ್ಯಾಸ್‌ಗೆ ಆ ರಕ್ತನಾಳ ಒಡೆಯಲ್ಲ. ಲಿವರ್ ಗಟ್ಟಿಯಾದಾಗ ಕರುಳಿಂದ ಬರೋ ರಕ್ತ ಸಲೀಸಾಗಿ ಒಳಗೆ ಹೋಗಲ್ಲ, ಪ್ರೆಶರ್ ಏರತ್ತೆ, ಆ ಒತ್ತಡಕ್ಕೆ ಅನ್ನನಾಳದ ಸುತ್ತ ಇರೋ ನಾಳಗಳು ಊದಿಕೊಳತ್ತೆ. ಒಡೆಯೋದು ಆ ಒತ್ತಡದಿಂದ. ಅದನ್ನ ಇಳಿಸೋಕೆ ಕೊಟ್ಟಿರೋ ಮಾತ್ರೆ ತಪ್ಪಿಸ್ದೇ ಇರೋದು, ಮತ್ತೆ ಎಂಡೋಸ್ಕೋಪಿಗೆ ಹೇಳಿದ ದಿನಕ್ಕೆ ಕರ್ಕೊಂಡು ಹೋಗೋದು, ಕಾಪಾಡೋದು ಇವೆರಡೇ. ಬ್ಯಾಂಡ್ ಹಾಕಿದ ಮೊದಲ ಕೆಲವು ದಿನ ಮಾತ್ರ ಮೆತ್ತನೆ ಊಟ ಇರತ್ತೆ, ಆಗ ಸೋಡ ಬೇಡ.

ಹಂಗಂತ ಧಾರಾಳವಾಗಿ ಕೊಡಿ ಅಂತಾನೂ ಹೇಳಲ್ಲ. ಹೊಟ್ಟೇಲಿ ಮೊದಲೇ ನೀರು ತುಂಬಿ ಜಾಗ ಇಲ್ಲ, ಮೇಲಿಂದ ಗ್ಯಾಸ್ ಸೇರಿದ್ರೆ ಉಬ್ಬರ ಆಗತ್ತೆ, ಊಟ ಇನ್ನೂ ಕಮ್ಮಿ ಮಾಡ್ತಾರೆ. ಸಿರೋಸಿಸ್ ಇರೋರು ಊಟ ಕಮ್ಮಿ ಮಾಡೋದು ಸೋಡಕ್ಕಿಂತ ದೊಡ್ಡ ಅಪಾಯ. ಅವರಿಗೆ ಮೈ ತೂಕದ ಒಂದು ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಲಿವರ್ ಕಾಯಿಲೆ ಅಂತ ಬೇಳೆ, ಮೊಟ್ಟೆ, ಮೊಸರು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡೋ ಮನೆಗಳನ್ನ ನೋಡಿ ನೋಡಿ ನನಗೆ ಸಂಕಟ ಆಗತ್ತೆ, ಕೈಕಾಲಿನ ಮಾಂಸ ಎಲ್ಲ ಕರಗಿ ಕಡ್ಡಿ ಆಗಿರ್ತಾರೆ. ಒಂದೇ ಸಲ ತಟ್ಟೆ ತುಂಬ ಬಡಿಸ್ಬೇಡಿ, ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಿ, ಮಲಗೋಕೆ ಮುಂಚೆ ಏನಾದ್ರೂ ತಿನ್ನಿಸ್ಲೇಬೇಕು, ರಾಗಿ ಗಂಜಿ ಹಾಲು ಹಾಕಿ, ಇಲ್ಲಾ ಉಪ್ಪು ಕಮ್ಮಿ ಹಾಕಿದ ಎರಡು ಇಡ್ಲಿ. ಭಾರ ಅನ್ನೋದು ಇದರಲ್ಲೇ ಅರ್ಧ ಕಮ್ಮಿ ಆಗತ್ತೆ.

ಈನೋ ಮಾತ್ರ ಇವತ್ತೇ ನಿಲ್ಲಿಸಿ. ಅದರಲ್ಲಿ ಮುಖ್ಯವಾಗಿ ಇರೋದು ಸೋಡಿಯಂ ಬೈಕಾರ್ಬೊನೇಟ್, ಅಂದ್ರೆ ಅಡುಗೆ ಸೋಡ, ಅದರ ತೂಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬರೀ ಸೋಡಿಯಂ. ಹೊಟ್ಟೇಲಿ ನೀರು ತುಂಬೋರಿಗೆ ದಿನಕ್ಕೆ ಒಟ್ಟು 2 ಗ್ರಾಂ ಸೋಡಿಯಂ ಅಂತ ಲೆಕ್ಕ, ಉಪ್ಪಿನ ಲೆಕ್ಕದಲ್ಲಿ 5 ಗ್ರಾಂ, ಒಂದು ಚಮಚಕ್ಕೂ ಕಮ್ಮಿ, ಇಡೀ ದಿನದ ಸಾರು ಪಲ್ಯ ಎಲ್ಲ ಅದರಲ್ಲೇ ಆಗ್ಬೇಕು. ಎರಡು ಸಲ ಈನೋ ಕುಡಿದ್ರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯ್ತು ಅಂತಾನೇ ಲೆಕ್ಕ. ಒಂದು ಕಡೆ ನೀರು ಹೋಗೋ ಮಾತ್ರೆ ಕೊಟ್ಟು ಇನ್ನೊಂದು ಕಡೆ ಸೋಡಿಯಂ ತುಂಬಿದ್ರೆ ನೀರು ಎಲ್ಲಿಂದ ಇಳಿಯತ್ತೆ ಹೇಳಿ, ತಿರುಗಾ ಸೂಜಿ ಹಾಕಿ ತೆಗೆಸ್ಬೇಕಾಗತ್ತೆ. ಸಾಲ್ಟ್ ಸೋಡ, ಮಸಾಲ ಸೋಡ, ಜೀರಾ ಸೋಡ ಕೂಡ ಇದೇ ಲೆಕ್ಕಕ್ಕೆ ಬರತ್ತೆ, ಕಪ್ಪುಪ್ಪು ಅಂದ್ರೂ ಅದು ಉಪ್ಪೇ. ಪ್ಲೇನ್ ಸೋಡ ಅಂದ್ರೂ ಬಾಟ್ಲಿ ಮೇಲೆ ಸೋಡಿಯಂ ಎಷ್ಟಿದೆ ಅಂತ ಒಂದ್ಸಲ ಓದಿ ಆಮೇಲೆ ಅರ್ಧ ಲೋಟ ಕೊಡಿ, ಆಸೆಪಟ್ಟು ಕೇಳ್ತಿದಾರೆ ಪಾಪ, ಯಾವಾಗ್ಲೋ ಒಂದ್ಸಲ ಅರ್ಧ ಲೋಟಕ್ಕೆ ನಾನು ಬೇಡ ಅನ್ನಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಮೇಜಿನ ಮೇಲಿಂದಾನೇ ಎತ್ತಿಟ್ಬಿಡಿ.

ನೀರು ಅಳೆದು ಕುಡೀಬೇಕಾ ಅನ್ನೋದು ಎಲ್ಲರಿಗೂ ಇಲ್ಲ, ರಕ್ತದಲ್ಲಿ ಸೋಡಿಯಂ ತುಂಬಾ ಇಳಿದೋರಿಗೆ ಮಾತ್ರ ಹೇಳ್ತೀವಿ. ನಿಮ್ಮ ಡಾಕ್ಟರ್ ಹಂಗೇನಾದ್ರೂ ಇಷ್ಟೇ ಲೀಟರ್ ಅಂತ ಹೇಳಿದ್ರೆ ಸೋಡ, ಕಾಫಿ, ಮಜ್ಜಿಗೆ, ತಿಳಿಸಾರು ಎಲ್ಲಾನೂ ಅದರಲ್ಲೇ ಸೇರ್ಸಿ ಲೆಕ್ಕ ಹಾಕಿ. ಎಳನೀರಲ್ಲಿ ಪೊಟ್ಯಾಶಿಯಂ ಜಾಸ್ತಿ, ನಿಮ್ಮ ತಂದೆ ತಗೊಳೋ ನೀರಿನ ಮಾತ್ರೇಲಿ ಸ್ಪೈರೊನೊಲ್ಯಾಕ್ಟೋನ್ ಇದ್ರೆ ಅದೂ ಪೊಟ್ಯಾಶಿಯಂ ಏರ್ಸತ್ತೆ, ಎರಡೂ ಸೇರಿ ಹಾರ್ಟ್ ಬಡಿತಕ್ಕೇ ತೊಂದ್ರೆ ಕೊಡಬಹುದು. ಎಳನೀರು ಎಲ್ಲರಿಗೂ ತಂಪು ಅಂತ ದಿನಾ ತಂದು ಕೊಡ್ಬೇಡಿ, ರಕ್ತ ಪರೀಕ್ಷೆ ನೋಡಿ ಡಾಕ್ಟರ್ ಹೇಳಿದ್ರೆ ಕೊಡಿ. ಅಂಗಡೀಲಿ ಸಿಗೋ ಲೋ ಸೋಡಿಯಂ ಉಪ್ಪು ಕೂಡ ಪೊಟ್ಯಾಶಿಯಂ ಉಪ್ಪೇ, ಅದೂ ಬೇಡ.

ಇನ್ನೊಂದು ವಿಷಯ, ತುಂಬಾ ಜನ ಮನೇಲಿ ತಪ್ಪು ಮಾಡೋದು ಇಲ್ಲಿ. ಮೋಷನ್ ಆಗ್ಲಿ ಅಂತ ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿದ್ರೆ ಅದರಿಂದಾನೂ ಹೊಟ್ಟೆ ಉಬ್ಬತ್ತೆ, ಗ್ಯಾಸ್ ಆಗತ್ತೆ, ಗ್ಯಾಸ್ ಆಯ್ತು ಅಂತ ಸಿರಪ್ ನಿಲ್ಲಿಸ್ಬಿಡ್ತಾರೆ, ಮೋಷನ್‌ನಲ್ಲಿ ಹೋಗ್ಬೇಕಾದ ವಿಷ ಮೆದುಳಿಗೆ ಸೇರಿ ಎರಡು ದಿನಕ್ಕೆ ಮಾತು ತಡವರಿಸತ್ತೆ, ಹಗಲು ನಿದ್ದೆ, ರಾತ್ರಿ ಎಚ್ಚರ. ಅದನ್ನ ನೀವಾಗೇ ನಿಲ್ಲಿಸ್ಬೇಡಿ, ಎಷ್ಟು ಎಂಎಲ್ ಅಂತ ಕೇಳಿ ಹೊಂದಿಸ್ಕೊಳಿ. ತಂದೆಗೆ ಶುಗರ್ ಇದ್ದು ಇನ್ಸುಲಿನ್ ತಗೊಳ್ತಿದ್ದು ಬೆವರು, ನಡುಕ ಬಂದು ಶುಗರ್ ಇಳಿದಿದ್ರೆ ಮಾತ್ರ ಸಕ್ಕರೆ ಇರೋ ಕೋಲಾ ಅರ್ಧ ಲೋಟ ಕುಡಿಸಿ, ಆಗ ಅದು ಔಷಧಿನೇ, ಸಕ್ಕರೆ ಇಲ್ಲದ ಝೀರೋ ಕೋಲಾ ಕುಡಿಸಿದ್ರೆ ಉಪಯೋಗ ಇಲ್ಲ. ಟಾರು ಥರ ಕಪ್ಪು ಮೋಷನ್, ರಕ್ತ ವಾಂತಿ, ಜ್ವರದ ಜೊತೆ ಹೊಟ್ಟೆ ನೋವು, ಮಂಕು ಕವಿದಂಗೆ ಇರೋದು, ಇದರಲ್ಲಿ ಯಾವುದು ಕಂಡ್ರೂ ರಾತ್ರಿ ಎರಡು ಗಂಟೆ ಆಗಿದ್ರೂ 108ಕ್ಕೆ ಫೋನ್ ಮಾಡಿ, ಬೆಳಗ್ಗೆ ನೋಡೋಣ ಅಂತ ಕಾಯ್ಬೇಡಿ.

ಪ್ರಶ್ನೆ: ಗ್ರೇಡ್ 1 ಫ್ಯಾಟಿ ಲಿವರ್ ಇದೆ, ಅದಕ್ಕೆ ಮಾಮೂಲಿ ಕೋಲಾ ಬಿಟ್ಟು ಝೀರೋಗೆ ಬದಲಾಯಿಸ್ಕೊಂಡೆ. ಈಗ ಅದರಿಂದ ಲಿವರ್ ಕ್ಯಾನ್ಸರ್ ಬರತ್ತೆ ಅಂತ ವಾಟ್ಸಾಪಲ್ಲಿ ಓಡಾಡ್ತಿದೆ. ನಿಜಾನಾ? (ವೈಟ್‌ಫೀಲ್ಡ್)

ಉತ್ತರ: ಆ ಸುದ್ದಿ ಹುಟ್ಟಿದ್ದು 2023ರ ಜುಲೈನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಝೀರೋ, ಡಯಟ್ ಡ್ರಿಂಕ್ಸಲ್ಲಿ ಸಕ್ಕರೆ ಬದಲು ಹಾಕೋ ಆಸ್ಪರ್ಟೇಮ್ ಅನ್ನೋ ಸಿಹಿಕಾರಕಾನ ‘ಕ್ಯಾನ್ಸರ್ ತರೋ ಸಾಧ್ಯತೆ ಇರಬಹುದು’ ಅನ್ನೋ 2ಬಿ ಗುಂಪಿಗೆ ಸೇರ್ಸಿತು, ಲಿವರ್ ಕ್ಯಾನ್ಸರ್ ಬಗ್ಗೆ ಸಿಕ್ಕ ಸೀಮಿತ ಪುರಾವೆ ಇಟ್ಕೊಂಡು. ಅದೇ ಹೊತ್ತಿಗೆ ಆಹಾರದ ಸುರಕ್ಷತೆ ನೋಡೋ ಇನ್ನೊಂದು ಸಮಿತಿ ಎಲ್ಲಾ ಪರಿಶೀಲಿಸಿ, ಮೈ ತೂಕದ ಕೆಜಿಗೆ ದಿನಕ್ಕೆ 40 ಮಿಲಿಗ್ರಾಂ ಅನ್ನೋ ಹಳೇ ಮಿತಿ ಬದಲಾಯಿಸೋ ಅಗತ್ಯ ಇಲ್ಲ ಅಂತು. 70 ಕೆಜಿ ಇರೋರು ಆ ಮಿತಿ ದಾಟಬೇಕಂದ್ರೆ ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಕ್ಯಾನ್ ಕುಡೀಬೇಕು. ವಾಟ್ಸಾಪಲ್ಲಿ ಮೊದಲನೇ ಅರ್ಧ ಮಾತ್ರ ಬರತ್ತೆ.

ಅದೇ ವರ್ಷ ಅಮೆರಿಕದಲ್ಲಿ ಮುಟ್ಟು ನಿಂತ ಸುಮಾರು 98 ಸಾವಿರ ಹೆಂಗಸರ ಬಗ್ಗೆ ಇಪ್ಪತ್ತು ವರ್ಷದ ಲೆಕ್ಕ ಬಂತು. ದಿನಾ ಒಂದಾದ್ರೂ ಸಕ್ಕರೆ ಡ್ರಿಂಕ್ ಕುಡಿಯೋರಿಗೆ, ತಿಂಗಳಿಗೆ ಮೂರೋ ಅದಕ್ಕಿಂತ ಕಮ್ಮಿಯೋ ಕುಡಿಯೋರಿಗಿಂತ ಲಿವರ್ ಕ್ಯಾನ್ಸರ್ ನೂರಕ್ಕೆ 85ರಷ್ಟು ಜಾಸ್ತಿ ಕಂಡಿತ್ತು, ಡಯಟ್ ಡ್ರಿಂಕ್ಸ್ ಕುಡಿಯೋರಲ್ಲಿ ಅಂಥಾ ವ್ಯತ್ಯಾಸ ಸಿಕ್ಕಿರ್ಲಿಲ್ಲ. ಇಂಥಾ ಲೆಕ್ಕ ಇದರಿಂದಾನೇ ಅದು ಬಂತು ಅಂತ ಸಾಬೀತು ಮಾಡಲ್ಲ, ಆದ್ರೂ ಎರಡರಲ್ಲಿ ಒಂದು ಅಂದ್ರೆ ಝೀರೋನೇ ವಾಸಿ. ನನ್ನ ಅಭಿಪ್ರಾಯ ಏನಂದ್ರೆ ಸಕ್ಕರೆ ಬಿಡೋಕೆ ಮೊದಲ ಕೆಲವು ವಾರ ಅದನ್ನ ಊರುಗೋಲಾಗಿ ಹಿಡ್ಕೊಳಿ, ಆಮೇಲೆ ಅದನ್ನೂ ಕಮ್ಮಿ ಮಾಡಿ. ಸಿಹಿ ಚಪಲ ಹಂಗೇ ಉಳಿದ್ರೆ ಬೇರೆ ದಾರೀಲಿ ಸಕ್ಕರೆ ಒಳಗೆ ಬಂದೇ ಬರತ್ತೆ. ತೂಕ ಇಳಿಸೋಕೆ ಅಂತ ಇಂಥಾ ಸಿಹಿಕಾರಕಗಳನ್ನ ನಂಬ್ಕೋಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಕೂಡ 2023ರ ಮೇನಲ್ಲೇ ಹೇಳಿದೆ.

ಪ್ರಶ್ನೆ: ಮಗನಿಗೆ 9 ವರ್ಷ, ಹೆಪಟೈಟಿಸ್ ಎ ಅಂತ ಬಂದಿದೆ, ಕಣ್ಣು ಹಳದಿ ಆಗಿದೆ. ಊಟ ಸೇರ್ತಿಲ್ಲ, ಲೆಮನ್ ಸೋಡ ಕೊಡು ಅಂತ ಒಂದೇ ಹಟ. ನಮ್ಮತ್ತೆ ಕಬ್ಬಿನ ಹಾಲು ತಂದು ಕೊಡು, ಎಣ್ಣೆ ಅರಿಶಿನ ಮುಟ್ಟಿಸ್ಬೇಡ ಅಂತಿದಾರೆ, ಔಷಧಿ ಕಟ್ಟಿಸ್ಕೊಂಡು ಬರೋಣ ಅಂತಾನೂ ಹೇಳ್ತಿದಾರೆ. (ಯಲಹಂಕ)

ಉತ್ತರ: ಮೊದಲು ಧೈರ್ಯವಾಗಿರಿ. ಮಕ್ಕಳಲ್ಲಿ ಹೆಪಟೈಟಿಸ್ ಎ ಹೆಚ್ಚುಕಮ್ಮಿ ಎಲ್ಲರಿಗೂ ತಾನಾಗೇ ವಾಸಿ ಆಗತ್ತೆ, ಕೆಲವು ವಾರ ಹಿಡಿಯತ್ತೆ. ವಾಕರಿಕೆ ಇದ್ದಾಗ ಮಗು ಎರಡು ಗುಟುಕು ಲೆಮನ್ ಸೋಡ ಕುಡಿದ್ರೆ ಲಿವರ್‌ಗೆ ಏನೂ ಆಗಲ್ಲ, ಅವನಿಗೆ ಈಗ ಏನಾದ್ರೂ ಹೊಟ್ಟೆಗೆ ಹೋಗೋದು ಮುಖ್ಯ. ಮನೇಲೇ ಕಾಯಿಸಿ ಆರಿಸಿದ ನೀರಲ್ಲಿ ನಿಂಬೆ ಪಾನಕ ಮಾಡಿ ಕೊಟ್ರೆ ಇನ್ನೂ ಒಳ್ಳೇದು.

ಕಬ್ಬಿನ ಹಾಲು ಲಿವರ್ ವಾಸಿ ಮಾಡಲ್ಲ. ರಸ್ತೆ ಬದಿ ಗಾಣದಲ್ಲಿ ಐಸ್ ಹಾಕಿ ಕೊಡೋದು ಬೇಡವೇ ಬೇಡ, ಈ ವೈರಸ್ ಹರಡೋದೇ ಕೊಳಕು ಸೇರಿದ ನೀರಿಂದ, ಐಸ್ ಆದ ಮಾತ್ರಕ್ಕೆ ಸಾಯಲ್ಲ, ಸೋಡ ಹುಳಿ ಇದೆ ಗ್ಯಾಸ್ ಇದೆ ಅಂತಾನೂ ಸಾಯಲ್ಲ. ನೀರು ಕೊತಕೊತ ಕುದ್ದರೆ ಸಾಯತ್ತೆ. ಎಣ್ಣೆ, ತುಪ್ಪ, ಅರಿಶಿನ ಪೂರ್ತಿ ನಿಲ್ಲಿಸೋ ಅಗತ್ಯ ಇಲ್ಲ, ಅವನಿಗೆ ಸೇರಿದ್ರೆ ಮನೆ ಊಟ ಮಾಮೂಲಿಯಾಗಿ ಕೊಡಿ, ಕರಿದದ್ದು ವಾಕರಿಕೆ ತರತ್ತೆ ಅಂತ ಸ್ವಲ್ಪ ದಿನ ಬೇಡ. ಕಟ್ಟಿಸ್ಕೊಂಡು ಬರೋ ಔಷಧೀಲಿ ಏನಿರತ್ತೆ ಅಂತ ನಮಗ್ಯಾರಿಗೂ ಗೊತ್ತಾಗಲ್ಲ, ನೊಂದಿರೋ ಲಿವರ್‌ಗೆ ಆ ಪರೀಕ್ಷೆ ಬೇಡ, ಅತ್ತೆಯವರಿಗೆ ಸಮಾಧಾನವಾಗಿ ಹೇಳಿ. ಮಗು ವಿಪರೀತ ಮಂಕಾದ್ರೆ, ವಾಂತಿ ನಿಲ್ಲದೇ ಇದ್ರೆ, ಮೂಗಲ್ಲಿ ಒಸಡಲ್ಲಿ ರಕ್ತ ಬಂದ್ರೆ ತಕ್ಷಣ ಅಡ್ಮಿಟ್ ಮಾಡಿ. ಮನೇಲಿ ಬೇರೆ ಮಕ್ಕಳಿದ್ರೆ ಹೆಪಟೈಟಿಸ್ ಎ ಲಸಿಕೆ ಬಗ್ಗೆ ಡಾಕ್ಟರ ಹತ್ರ ಈ ವಾರಾನೇ ಮಾತಾಡಿ, ಒಂದು ವರ್ಷ ತುಂಬಿದ ಮಕ್ಕಳಿಂದ ಕೊಡಬಹುದು.

ಪ್ರಶ್ನೆ: ಶನಿವಾರ ಎರಡು ಲಾರ್ಜ್ ವಿಸ್ಕಿ ಅಷ್ಟೇ. ಫ್ಯಾಟಿ ಲಿವರ್ ಇದೆ. ಸೋಡ ಬದಲು ನೀರು ಹಾಕ್ಕೊಂಡ್ರೆ ಲಿವರ್‌ಗೆ ಸೇಫಾ? (ಬಸವೇಶ್ವರನಗರ)

ಉತ್ತರ: ಏನು ಬೆರೆಸ್ತೀರಿ ಅನ್ನೋದರಿಂದ ಲಿವರ್‌ಗೆ ಹೋಗೋ ಆಲ್ಕೋಹಾಲ್ ಒಂದು ಹನಿಯೂ ಕಮ್ಮಿ ಆಗಲ್ಲ. 60 ಎಂಎಲ್ ವಿಸ್ಕೀಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರತ್ತೆ, ಎರಡಕ್ಕೆ 40, ಸೋಡ ಹಾಕಿದ್ರೂ ಅಷ್ಟೇ, ನೀರು ಹಾಕಿದ್ರೂ ಅಷ್ಟೇ. ಸೋಡ ಹಾಕಿದ್ರೆ ಕೆಲವರಿಗೆ ಸ್ವಲ್ಪ ಬೇಗ ಏರತ್ತೆ, ಕೋಲಾ ಹಾಕಿದ್ರೆ ಮೇಲಿಂದ ಸಕ್ಕರೆ. ಕೊಬ್ಬು ಕಟ್ಟಿರೋ ಲಿವರ್‌ಗೆ ಎರಡು ಕಡೆಯಿಂದ ಹೊರೆ ಹಾಕ್ಬೇಡಿ, ಪೂರ್ತಿ ಬಿಟ್ಬಿಡಿ, ಅದೊಂದೇ ನಾನು ಕೊಡೋ ಸಲಹೆ.

ಪ್ರಶ್ನೆ: ನನಗೆ 23, ಎಚ್‌ಎಸ್‌ಆರ್ ಲೇಔಟಲ್ಲಿ ಪಿಜಿಲಿದೀನಿ, ನೈಟ್ ಶಿಫ್ಟ್ ಕೆಲಸ. ರಕ್ತದಾನ ಮಾಡೋಕೆ ಹೋದಾಗ ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಗೊತ್ತಾಯ್ತು. ನಿದ್ದೆ ತಡೆಯೋಕೆ ದಿನಾ ಎರಡು ಮೂರು ಎನರ್ಜಿ ಡ್ರಿಂಕ್ ಕುಡೀತೀನಿ, ಬಿಡ್ಬೇಕಾ? ಇನ್ನೊಂದು, ನನ್ನ ರೂಮ್‌ಮೇಟ್ ಜೊತೆ ಒಂದೇ ಕ್ಯಾನಲ್ಲಿ ಕುಡಿದಿದೀನಿ, ಅವನಿಗೂ ಬಂದಿರತ್ತಾ? ಅವನಿಗೆ ಹೇಳೋಕೂ ಭಯ, ನಿದ್ದೇನೇ ಬರ್ತಿಲ್ಲ. (ಎಚ್‌ಎಸ್‌ಆರ್ ಲೇಔಟ್)

ಉತ್ತರ: ಮೊದಲು ಎರಡನೇದಕ್ಕೆ ಉತ್ತರ ಕೊಡ್ತೀನಿ, ಇವತ್ತು ರಾತ್ರಿ ನೀನು ನಿದ್ದೆ ಮಾಡ್ಲಿ ಅಂತ. ಒಂದೇ ಕ್ಯಾನಲ್ಲಿ ಕುಡಿದ್ರೆ, ಒಂದೇ ತಟ್ಟೇಲಿ ತಿಂದ್ರೆ, ಕೈ ಕುಲುಕಿದ್ರೆ, ಕೆಮ್ಮಿದ್ರೆ ಹೆಪಟೈಟಿಸ್ ಬಿ ಬರಲ್ಲಪ್ಪ. ಅದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹುಟ್ಟೋವಾಗ ತಾಯಿಯಿಂದ ಮಗುಗೆ ಬರೋದು. ಶೇವಿಂಗ್ ಬ್ಲೇಡು, ರೇಜರ್, ಟೂತ್‌ಬ್ರಶ್ ಮಾತ್ರ ಯಾರ ಜೊತೇನೂ ಹಂಚ್ಕೋಬೇಡ.

ಎನರ್ಜಿ ಡ್ರಿಂಕ್ ಬಿಡು. 250 ಎಂಎಲ್ ಕ್ಯಾನಲ್ಲಿ ಸುಮಾರು 27 ಗ್ರಾಂ ಸಕ್ಕರೆ ಇರತ್ತೆ, ಮೂರು ಕುಡಿದ್ರೆ 80 ದಾಟತ್ತೆ, ವೈರಸ್ ಇರೋ ಲಿವರ್ ಮೇಲೆ ಕೊಬ್ಬೂ ಕೂತ್ರೆ ಮುಂದೆ ಕಷ್ಟ. ಅದರಲ್ಲಿ ನಿಯಾಸಿನ್ ಅನ್ನೋ ಬಿ ವಿಟಮಿನ್ ಕೂಡ ಸೇರಿಸಿರ್ತಾರೆ. 2016ರಲ್ಲಿ ಪ್ರಕಟ ಆದ ಒಂದು ಕೇಸಲ್ಲಿ, ದಿನಕ್ಕೆ ನಾಲ್ಕೈದು ಎನರ್ಜಿ ಡ್ರಿಂಕ್ ಮೂರು ವಾರಕ್ಕೂ ಜಾಸ್ತಿ ಕುಡಿದ 50 ವರ್ಷದ ಕಟ್ಟಡ ಕೆಲಸಗಾರನಿಗೆ ತೀವ್ರ ಹೆಪಟೈಟಿಸ್ (ಲಿವರ್ ಉರಿಊತ) ಆಗಿತ್ತು, ಡಾಕ್ಟರ್‌ಗಳು ಅನುಮಾನ ಪಟ್ಟಿದ್ದು ಆ ನಿಯಾಸಿನ್ ಮೇಲೆ. ಅಪರೂಪದ ಕೇಸು, ಆದ್ರೆ ಮೊದಲೇ ವೈರಸ್ ಇರೋ ನಿನಗೆ ಆ ರಿಸ್ಕ್ ಯಾಕೆ. ಶಿಫ್ಟ್ ಶುರುವಲ್ಲಿ ಒಂದು ಕಾಫಿ ಕುಡಿ, ಸಾಧ್ಯ ಆದ್ರೆ ಹಗಲು ಕೆಲಸಕ್ಕೆ ಬದಲಾಯಿಸ್ಕೋ.

ಪಾಸಿಟಿವ್ ಬಂದ ತಕ್ಷಣ ಲಿವರ್ ಹಾಳಾಗಿದೆ ಅಂತ ಅಲ್ಲ. ಎಚ್‌ಬಿವಿ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡೋ ಪರೀಕ್ಷೆ), ಎಸ್‌ಜಿಪಿಟಿ, ಹೊಟ್ಟೆ ಸ್ಕ್ಯಾನಿಂಗ್ ಮಾಡಿಸ್ಕೊಂಡು ಲಿವರ್ ಡಾಕ್ಟರ್ ಹತ್ರ ಹೋಗು, ಮಾತ್ರೆ ಈಗ್ಲೇ ಬೇಕಾ ಇಲ್ಲಾ ಆರು ತಿಂಗಳಿಗೊಂದು ಸಲ ನೋಡ್ತಾ ಹೋದ್ರೆ ಸಾಕಾ ಅಂತ ಅವರು ಹೇಳ್ತಾರೆ. ಊರಲ್ಲಿರೋ ಅಮ್ಮನಿಗೂ ಅಣ್ಣತಮ್ಮ ಅಕ್ಕತಂಗಿಯರಿಗೂ ಒಂದ್ಸಲ ಹೆಪಟೈಟಿಸ್ ಬಿ ಇದೆಯಾ ಅಂತ ನೋಡೋ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸು. ರೂಮ್‌ಮೇಟ್‌ಗೆ ಹೇಳೋದಾದ್ರೆ ಭಯ ಪಡಿಸೋ ಥರ ಹೇಳ್ಬೇಡ, ಇದಕ್ಕೆ ಒಳ್ಳೆ ಲಸಿಕೆ ಇದೆ, ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೇದು, ಅವನು ಚಿಕ್ಕಂದಿನಲ್ಲಿ ಹಾಕಿಸ್ಕೊಂಡಿಲ್ಲ ಅಂದ್ರೆ ಈಗ ಹಾಕಿಸ್ಕೊಳ್ಳಿ.